ಎದ್ದು ಹೋಗಲು ಒಂದು ನೆಪ

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಾಗಲಿ, ವೈಟ್‌ಫೀಲ್ಡಿನಲ್ಲಾಗಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಾಗಲಿ, ಟೆಕ್ ಪಾರ್ಕಿನ ಗೇಟು ದಾಟಿ ನಾಲ್ಕು ಹೆಜ್ಜೆ ಹಾಕಿದರೆ ಒಂದು ಟೀ ಅಂಗಡಿ ಸಿಗುತ್ತದೆ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಮತ್ತೆ ಸಂಜೆ ನಾಲ್ಕರ ಸುಮಾರಿಗೆ ಅಲ್ಲೊಂದು ಗುಂಪು ಸೇರುತ್ತದೆ. ಕೊರಳಲ್ಲಿ ಐಡಿ ಕಾರ್ಡು, ಒಂದು ಕೈಯಲ್ಲಿ ಕಾಗದದ ಲೋಟ, ಇನ್ನೊಂದು ಕೈಯ ಬೆರಳ ಸಂದಿಯಲ್ಲಿ ಸಿಗರೇಟು. ಮಾತಿನಲ್ಲಿ ಹೆಚ್ಚಿನ ಪಾಲು ಕೆಲಸದ ಗೋಳೇ: ಬೆಳಿಗ್ಗೆಯಿಂದ ಬಿಲ್ಡ್ ಆಗುತ್ತಿಲ್ಲ, ನಿನ್ನೆ ಪಾಸಾದ ಟೆಸ್ಟ್ ಯಾರೂ ಏನೂ ಮುಟ್ಟದೆ ಇವತ್ತು ಫೇಲಾಗಿದೆ, ವಿಪಿಎನ್ ಮೂರು ಸಲ ಕಡಿದುಹೋಯಿತು, ಕ್ಲೈಂಟ್ ಕಡೆಯವರು ರಾತ್ರಿ ಒಂಬತ್ತಕ್ಕೆ ಕಾಲ್ ಇಟ್ಟಿದ್ದಾರೆ. ಯಾಕೆ ಸೇದುತ್ತೀರಿ ಎಂದು ಈ ಗುಂಪನ್ನು ಕೇಳಿದರೆ ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ. ಟೆನ್ಷನ್ ಇಳಿಯುತ್ತದೆ, ನಿಂತುಹೋದ ತಲೆ ಮತ್ತೆ ಓಡುತ್ತದೆ, ಸೀಟಿಗೆ ಮರಳುವಷ್ಟರಲ್ಲಿ ಬಗ್ ಎಲ್ಲಿದೆ ಎಂದು ಹೊಳೆದಿರುತ್ತದೆ. ಈ ಉತ್ತರವನ್ನು ನಾನು ಸುಳ್ಳೆಂದು ತಳ್ಳಿಹಾಕಲಾರೆ. ಹೊಳೆಯುವುದು ನಿಜ, ಹಗುರವಾಗುವುದೂ ನಿಜ. ಆದರೆ ಆ ಹಗುರವನ್ನು ಯಾವ ಖಾತೆಗೆ ಜಮೆ ಮಾಡಬೇಕು ಎಂಬಲ್ಲಿ ಲೆಕ್ಕ ತಪ್ಪಿದೆ. ಸಿಗರೇಟಿನ ಹೆಸರಿಗೆ ಬರೆದುಕೊಳ್ಳುತ್ತಿರುವುದರ ಬಹುಪಾಲು, ಕುರ್ಚಿ ಬಿಟ್ಟು ಎದ್ದು ಹೋದದ್ದಕ್ಕೆ ಸೇರಬೇಕು. ಈ ಒಂದು ತಪ್ಪು ಲೆಕ್ಕದಿಂದ ಜೀವಗಳು ಹೋಗುತ್ತಿರುವುದರಿಂದ ಇದನ್ನು ಸ್ವಲ್ಪ ನಿಧಾನವಾಗಿ ಬಿಡಿಸಿ ನೋಡಬೇಕು ಅನ್ನಿಸುತ್ತದೆ.

ನಿಕೋಟಿನ್ ಒಳಗೆ ಹೋಗಿ ಏನು ಮಾಡುತ್ತದೆ ಎಂಬುದು ಸಾಕಷ್ಟು ಸ್ಪಷ್ಟವಾಗಿ ಗೊತ್ತಿರುವ ವಿಷಯ. ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಅದು ಮೆದುಳು ತಲುಪುತ್ತದೆ, ಅಲ್ಲಿನ ಗ್ರಾಹಕಗಳಿಗೆ ಅಂಟಿಕೊಂಡು ಡೋಪಮಿನ್ ಬಿಡಿಸುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಸುಮಾರು ಎರಡು ಗಂಟೆಗೆ ಅರ್ಧಕ್ಕಿಳಿಯುತ್ತದೆ. ದಿನವೂ ಸೇದಿ ಪಳಗಿದ ಮೆದುಳು ಆ ಇಳಿತವನ್ನು ತಾಳದು. ಸಿಡಿಮಿಡಿ, ಚಡಪಡಿಕೆ, ಒಂದು ಕಡೆ ನಿಲ್ಲದ ಮನಸ್ಸು, ಸಣ್ಣ ಅಡಚಣೆಗೂ ಉಕ್ಕುವ ಕೋಪ ಎಲ್ಲವೂ ಶುರುವಾಗುತ್ತವೆ. ಈಗ ಎರಡು ಗಂಟೆಯಿಂದ ಸಿಕ್ಕದೆ ಸತಾಯಿಸುತ್ತಿರುವ ಬಗ್ ಒಂದರ ಮುಂದೆ ಕೂತವರ ಸ್ಥಿತಿಯನ್ನು ಬರೆದು ನೋಡಿ. ಅದೇ ಸಿಡಿಮಿಡಿ, ಅದೇ ಚಡಪಡಿಕೆ. ಸೇದುವ ಪ್ರೋಗ್ರಾಮರಿಗೆ ಹನ್ನೊಂದು ಗಂಟೆಗೆ ಬಂದ ಸಿಡುಕಿನಲ್ಲಿ ಕೋಡಿನ ಪಾಲೆಷ್ಟು, ಇಳಿದುಹೋದ ನಿಕೋಟಿನ್ನಿನ ಪಾಲೆಷ್ಟು ಎಂದು ಒಳಗಿನಿಂದ ತಿಳಿಯುವ ದಾರಿಯೇ ಇಲ್ಲ. ಎರಡೂ ಒಂದೇ ಮುಖವಾಡ ಹಾಕಿಕೊಂಡು ಬರುತ್ತವೆ. ಸೇದಿದೊಡನೆ ಎರಡನೆಯದು ಶಮನವಾಗುತ್ತದೆ, ಮೊದಲನೆಯದೇ ಶಮನವಾಯಿತು ಎಂಬ ಭಾವನೆ ಉಳಿಯುತ್ತದೆ. ಮನಶ್ಶಾಸ್ತ್ರಜ್ಞ ಆ್ಯಂಡಿ ಪ್ಯಾರಟ್ 1999ರಲ್ಲೇ ಈ ಮಾತನ್ನು ಎತ್ತಿ, ಧೂಮಪಾನ ಒತ್ತಡವನ್ನು ತಗ್ಗಿಸುವುದಕ್ಕಿಂತ ಹುಟ್ಟಿಸುತ್ತದೆ ಎಂದು ವಾದಿಸಿದ್ದರು. ಜೆಮಾ ಟೇಲರ್ ಮತ್ತು ಸಂಗಡಿಗರು 26 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ವಿಶ್ಲೇಷಣೆ ಇದಕ್ಕೆ ಬಲ ಕೊಟ್ಟಿತು. ಸೇದುವುದನ್ನು ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಮೂರೂ ಬಿಡದವರಿಗಿಂತ ಕಡಿಮೆಯಾಗಿದ್ದವು. ಸಿಗರೇಟು ಒತ್ತಡಕ್ಕೆ ಮದ್ದಾಗಿದ್ದರೆ ಮದ್ದು ನಿಲ್ಲಿಸಿದವರ ಒತ್ತಡ ಏರಬೇಕಿತ್ತು.

ಪ್ರೋಗ್ರಾಮರುಗಳಿಗೆ ಈ ವಾದ ಒಪ್ಪಿಗೆಯಾಗಬೇಕು ಎಂದು ನಾನು ನಿರೀಕ್ಷಿಸುವುದಕ್ಕೆ ಒಂದು ಕಾರಣವಿದೆ. ದೋಷ ಹುಡುಕುವ ವಿದ್ಯೆಯ ಮೊದಲ ಪಾಠ ಅವರಿಗೆ ಕರತಲಾಮಲಕ: ಒಂದು ಸಲಕ್ಕೆ ಒಂದನ್ನೇ ಬದಲಿಸು. ಐದು ಕಡೆ ಒಟ್ಟಿಗೆ ತಿದ್ದಿ ಪ್ರೋಗ್ರಾಮ್ ಓಡಿತೆಂದರೆ ಯಾವ ತಿದ್ದುಪಡಿಯಿಂದ ಓಡಿತು ಎಂದು ಹೇಳಲು ಬರುವುದಿಲ್ಲ. ಹಾಗೆ ಮಾಡಿದ ಹೊಸ ಹುಡುಗನನ್ನು ಹಿರಿಯರು ಗದರಿಸುತ್ತಾರೆ. ಸಿಗರೇಟಿನ ವಿಷಯದಲ್ಲಿ ಮಾತ್ರ ಆ ಹಿರಿಯರೇ ಐದಾರನ್ನು ಒಟ್ಟಿಗೆ ಬದಲಿಸಿ ಒಂದಕ್ಕೆ ಶ್ರೇಯಸ್ಸು ಕೊಡುತ್ತಾರೆ. ಟೀ ಅಂಗಡಿಗೆ ಹೋದವರು ಕುರ್ಚಿಯಿಂದ ಎದ್ದಿದ್ದಾರೆ. ಪರದೆಯ ಮೇಲಿಂದ ಕಣ್ಣು ತೆಗೆದಿದ್ದಾರೆ. ಮೆಟ್ಟಿಲಿಳಿದು ಬಯಲಿಗೆ ನಡೆದಿದ್ದಾರೆ. ಹಗಲಿನ ಬೆಳಕಿಗೆ ಬಂದಿದ್ದಾರೆ. ಜೊತೆಗಿದ್ದವರಿಗೆ ತಮ್ಮ ಸಮಸ್ಯೆಯನ್ನು ಬಾಯಿ ಬಿಟ್ಟು ವಿವರಿಸಿದ್ದಾರೆ. ಇಷ್ಟರ ನಡುವೆ ಹೊಗೆಯೂ ಒಂದು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆ ಇಂಥ ಕಡೆಗೇ ಹುಟ್ಟಿದ್ದು. ಸಮಸ್ಯೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಬಂದರೆ ಪರಿಹಾರ ಸುಲಭವಾಗುತ್ತದೆಯೇ ಎಂದು ಪರೀಕ್ಷಿಸಿದ 117 ಅಧ್ಯಯನಗಳನ್ನು ಸಿಯೊ ಮತ್ತು ಓರ್ಮರೊಡ್ ಎಂಬ ಸಂಶೋಧಕರು 2009ರಲ್ಲಿ ಒಟ್ಟುಗೂಡಿಸಿದರು. ಹೌದು, ಆಗುತ್ತದೆ ಎಂಬುದೇ ಒಟ್ಟಾರೆ ಉತ್ತರ. 2014ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಓಪೆಝೊ ಮತ್ತು ಶ್ವಾರ್ಟ್ಸ್ ಕೂತವರನ್ನೂ ನಡೆಯುತ್ತಿದ್ದವರನ್ನೂ ಹೋಲಿಸಿದಾಗ, ನಡೆಯುವಾಗ ಹೊಸ ಆಲೋಚನೆಗಳ ಹರಿವು ಸರಾಸರಿ ಶೇ. 60ರಷ್ಟು ಹೆಚ್ಚಿತ್ತು. ಇನ್ನು ಬಾಯಿ ಬಿಟ್ಟು ವಿವರಿಸುವುದರ ಫಲವಂತೂ ಈ ವೃತ್ತಿಯವರಿಗೆ ಹಳೆಯ ಪರಿಚಯ. ಮೇಜಿನ ಮೇಲೆ ರಬ್ಬರಿನ ಬಾತುಕೋಳಿಯೊಂದನ್ನು ಇಟ್ಟುಕೊಂಡು ಅದಕ್ಕೆ ಕೋಡನ್ನು ಸಾಲು ಸಾಲಾಗಿ ವಿವರಿಸಿದರೆ ತಪ್ಪು ತಾನೇ ಕಣ್ಣಿಗೆ ಬೀಳುತ್ತದೆ ಎಂಬ ಉಪಾಯ 1999ರ 'ದ ಪ್ರಾಗ್ಮ್ಯಾಟಿಕ್ ಪ್ರೋಗ್ರಾಮರ್' ಪುಸ್ತಕದಿಂದ ಜಗತ್ತಿಗೆಲ್ಲ ಹಬ್ಬಿತು. ಟೀ ಅಂಗಡಿಯ ಬಳಿ ನಿಂತು ಕೇಳಿಸಿಕೊಳ್ಳುವ ಗೆಳೆಯ ಆ ಬಾತುಕೋಳಿಯ ಕೆಲಸವನ್ನೇ ಮಾಡುತ್ತಿರುತ್ತಾನೆ. ಅವನ ಕೈಯಲ್ಲೊಂದು ಸಿಗರೇಟು ಇರಲೇಬೇಕೆಂಬ ನಿಯಮವೇನೂ ಇಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ಪಕ್ಕಕ್ಕೆ ಸರಿಸಬಾರದು. ನಿಕೋಟಿನ್ ನಿಜಕ್ಕೂ ಗಮನವನ್ನು ಹರಿತಗೊಳಿಸುತ್ತದೆ ಎನ್ನುವವರ ಬಳಿ ಪುರಾವೆ ಇದೆ. 2010ರಲ್ಲಿ ಹೀಶ್‌ಮನ್ ಮತ್ತು ಸಂಗಡಿಗರು 41 ಪ್ರಯೋಗಗಳನ್ನು ವಿಶ್ಲೇಷಿಸಿ, ಚಟದ ಹಸಿವಿಲ್ಲದವರಲ್ಲಿ ಮತ್ತು ಸೇದದವರಲ್ಲೂ ನಿಕೋಟಿನ್ ಗಮನ, ಬೆರಳ ಚಲನೆ, ಅಲ್ಪಕಾಲದ ನೆನಪುಗಳನ್ನು ಉತ್ತಮಪಡಿಸುತ್ತದೆ ಎಂದು ಕಂಡುಕೊಂಡರು. ಇದನ್ನೇ ಆಧಾರವಾಗಿಟ್ಟುಕೊಂಡು, ಎಂದೂ ಸೇದದ ಕೆಲವರು ನಿಕೋಟಿನ್ ಗಮ್ ಅಗಿಯುತ್ತ ಕೋಡ್ ಬರೆಯುವುದೂ ಉಂಟು. ಪುರಾವೆಯನ್ನು ಒಪ್ಪಿಕೊಂಡೇ ಎರಡು ಮಾತು ಹೇಳಬೇಕು. ಇಂಥ ಪ್ರಯೋಗಗಳು ಅಳೆಯುವುದು ಪರದೆಯ ಮೇಲೆ ಮೂಡಿದ ಗುರುತಿಗೆ ಎಷ್ಟು ಬೇಗ ಗುಂಡಿ ಒತ್ತಿದರು, ಎಷ್ಟು ಪದ ನೆನಪಿಟ್ಟುಕೊಂಡರು ಎಂಬಂಥ ಸಂಗತಿಗಳನ್ನು. ಗುಂಡಿ ಒತ್ತುವುದು ಒಂದಿಷ್ಟು ತಡವಾಯಿತೆಂದು ಯಾವ ಸರ್ವರೂ ಕುಸಿದದ್ದಿಲ್ಲ. ಸಾಫ್ಟ್‌ವೇರಿನಲ್ಲಿ ದುಬಾರಿಯಾಗುವ ತಪ್ಪುಗಳು ಬೇಡಿಕೆಯನ್ನು ತಪ್ಪಾಗಿ ಅರ್ಥಮಾಡಿಕೊಂಡದ್ದರಿಂದ, ಅವಸರದಲ್ಲಿ ವಿನ್ಯಾಸ ಮಾಡಿದ್ದರಿಂದ, ಕೇಳಬೇಕಾದವರನ್ನು ಕೇಳದೆ ಇದ್ದದ್ದರಿಂದ ಆಗುವಂಥವು. ಎರಡನೆಯ ಮಾತು ಇನ್ನೂ ಮುಖ್ಯ. ಚಟ ಅಂಟಿದ ಮೇಲೆ ಈ ಲಾಭ ಲಾಭವಾಗಿ ಉಳಿಯುವುದಿಲ್ಲ. ದಿನದ ಎಷ್ಟೋ ಗಂಟೆ ಇಳಿತದಲ್ಲೇ ಕಳೆಯುವ ಮೆದುಳಿಗೆ ಮುಂದಿನ ಸಿಗರೇಟು ಸೇದದವರ ಸಾಮಾನ್ಯ ಸ್ಥಿತಿಯನ್ನಷ್ಟೇ ಹಿಂದಕ್ಕೆ ಕೊಡುತ್ತದೆ. ಸಾಲ ತೀರಿಸಲು ಸಾಲ ಮಾಡಿದವರ ಕೈಯಲ್ಲೂ ಒಂದು ದಿನ ಹಣ ಓಡಾಡುತ್ತದೆ. 1992ರಲ್ಲಿ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಪ್ರೋಗ್ರಾಮರ್ ಅವಸರದ ಕೋಡನ್ನು ಸಾಲಕ್ಕೆ ಹೋಲಿಸಿದ ಮೇಲೆ ಬಡ್ಡಿ ಏರುವುದೆಂದರೇನು ಎಂದು ಪ್ರೋಗ್ರಾಮರುಗಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಎದ್ದು ಹೋಗುವುದಕ್ಕೆ ಸಿಗರೇಟೇ ಯಾಕೆ ಬೇಕಾಯಿತು? ಇದಕ್ಕೆ ಉತ್ತರ ಕಚೇರಿಯ ರೀತಿನೀತಿಯಲ್ಲಿದೆ. ಕಿಟಕಿಯಾಚೆ ಹತ್ತು ನಿಮಿಷ ನೋಡುತ್ತ ನಿಂತವನನ್ನು ಮ್ಯಾನೇಜರು ಗಮನಿಸುತ್ತಾನೆ. ಚಾಟ್‌ನಲ್ಲಿ ಹೆಸರಿನ ಪಕ್ಕದ ಹಸಿರು ಚುಕ್ಕೆ ಹಳದಿಯಾದರೆ ಎಲ್ಲಿದ್ದೀರಿ ಎಂಬ ಸಂದೇಶ ಬರುತ್ತದೆ. ಸಿಗರೇಟಿಗೆ ಹೋಗಿದ್ದೆ ಎಂದರೆ ಮಾತ್ರ ಮುಂದಿನ ಪ್ರಶ್ನೆ ಇಲ್ಲ. ಸುಮ್ಮನೆ ಯೋಚಿಸಲು ಹೋಗಿದ್ದೆ ಎಂಬ ಉತ್ತರಕ್ಕೆ ಆ ಮರ್ಯಾದೆ ಇನ್ನೂ ಸಿಕ್ಕಿಲ್ಲ. ಕಾರ್ಖಾನೆಯ ಕೆಲಸಗಾರರಿಗೆ ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ಬಿಡುವು ಕೊಡಲೇಬೇಕೆಂದು 1948ರ ಕಾರ್ಖಾನೆ ಕಾಯಿದೆ ಬರೆದಿಟ್ಟಿತು, ಏಕೆಂದರೆ ಅಲ್ಲಿ ದಣಿವು ಮೈಯಲ್ಲಿ ಕಾಣುತ್ತದೆ. ತಲೆಯ ದಣಿವಿಗೆ ಬೆವರಿಲ್ಲ. ಅದಕ್ಕೊಂದು ಕಾಣುವ ಕಾರಣ ಬೇಕು, ಹೊಗೆ ಆ ಕಾರಣವನ್ನು ಒದಗಿಸಿತು. ಇನ್ನೊಂದು ಸಂಗತಿಯೂ ಇದರ ಜೊತೆ ಸೇರಿಕೊಂಡಿತು. ಕಂಪ್ಯೂಟರ್ ಕೋಣೆಗಳಲ್ಲಿ ಸೇದಬಾರದೆಂಬ ನಿಯಮ ಮನುಷ್ಯರ ಆರೋಗ್ಯದ ಕಾನೂನುಗಳಿಗಿಂತ ಬಹಳ ಮೊದಲೇ ಇತ್ತು. ಹಾರ್ಡ್ ಡಿಸ್ಕಿನ ತಟ್ಟೆಗೂ ಅದರ ಮೇಲೆ ತೇಲುವ ಹೆಡ್ಡಿಗೂ ನಡುವಿನ ಅಂತರ ಹೊಗೆಯ ಒಂದು ಕಣಕ್ಕಿಂತಲೂ ಕಿರಿದು. ಕೂದಲು, ಧೂಳು, ಹೊಗೆಯ ಕಣ ಇವನ್ನು ಆ ಅಂತರದ ಪಕ್ಕದಲ್ಲಿ ಬರೆದು ತೋರಿಸುವ ಚಿತ್ರ ಹಳೆಯ ಪಠ್ಯಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಹೀಗೆ ಯಂತ್ರದ ಸಲುವಾಗಿ ಸೇದುವವರು ಮೊದಲು ಕೋಣೆಯ ಆಚೆಗೆ ಬಂದರು. ಆಮೇಲೆ 2003ರ ತಂಬಾಕು ನಿಯಂತ್ರಣ ಕಾಯಿದೆ, ಅದರಡಿಯಲ್ಲಿ 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಜಾರಿಗೆ ಬಂದ ನಿಷೇಧ ಅವರನ್ನು ಕಟ್ಟಡದಿಂದಲೇ ಹೊರಗೆ ಕಳಿಸಿದವು. ಶ್ವಾಸಕೋಶ ಕಾಯಲು ಬಂದ ಕಾನೂನಿನಿಂದ ಯಾರೂ ಎಣಿಸದ ಇನ್ನೊಂದು ಫಲವೂ ಸಿಕ್ಕಿತು. ಐದು ನಿಮಿಷದ ಸಿಗರೇಟಿಗೆ ಹೋಗಿ ಬರುವ ನಡಿಗೆ ಸೇರಿ ಹದಿನೈದು ನಿಮಿಷದ ನಿಜವಾದ ಬಿಡುವಾಯಿತು.

ಆ ಬಿಡುವು ಸೇದುವವರಿಗಷ್ಟೇ ಸಿಕ್ಕಿತು ಎಂಬುದು ನನ್ನನ್ನು ಬಹಳ ಕಾಡುವ ವಿಷಯ. ಟೋಕಿಯೊದ ಪಿಯಾಲಾ ಎಂಬ ಕಂಪನಿಯ ಕಚೇರಿ 29ನೆಯ ಮಹಡಿಯಲ್ಲಿತ್ತು. ಸೇದುವವರು ನೆಲಮಾಳಿಗೆಗೆ ಇಳಿದು ಹತ್ತಲು ಪ್ರತಿಸಲ ಕಾಲು ಗಂಟೆಯಾದರೂ ಬೇಕು ಎಂದು ಉಳಿದವರು ದೂರಿದಾಗ, 2017ರಲ್ಲಿ ಆ ಕಂಪನಿ ಸೇದದವರಿಗೆ ವರ್ಷಕ್ಕೆ ಆರು ದಿನ ಹೆಚ್ಚಿನ ರಜೆ ಕೊಟ್ಟಿತು. ಸಮಯದ ಲೆಕ್ಕವನ್ನಾದರೂ ಹೀಗೆ ರಜೆಯಲ್ಲಿ ಸರಿದೂಗಿಸಬಹುದು. ಒಡನಾಟದ ಲೆಕ್ಕ ಅಷ್ಟು ಸುಲಭದಲ್ಲಿ ಸರಿಹೋಗುವುದಿಲ್ಲ. ಅರ್ಥಶಾಸ್ತ್ರಜ್ಞರಾದ ಜೋಯಿ ಕಲ್ಲೆನ್ ಮತ್ತು ರಿಕಾರ್ಡೊ ಪೆರೆಸ್ ಟ್ರುಗ್ಲಿಯಾ ಏಷ್ಯಾದ ಒಂದು ದೊಡ್ಡ ಬ್ಯಾಂಕಿನ ನೌಕರರ ದಾಖಲೆಗಳನ್ನು ಅಭ್ಯಸಿಸಿ ನಡೆಸಿದ ಸಂಶೋಧನೆ ಇಲ್ಲಿ ಕಣ್ಣು ತೆರೆಸುತ್ತದೆ. ಸೇದುವ ಗಂಡಸೊಬ್ಬ ಸೇದುವ ಮ್ಯಾನೇಜರನ ಕೈಕೆಳಗೆ ಬಂದಾಗ ಇಬ್ಬರೂ ಬಿಡುವಿನ ಹೊತ್ತನ್ನು ಹೆಚ್ಚಾಗಿ ಒಟ್ಟಿಗೆ ಕಳೆಯುತ್ತಾರೆ, ಅಂಥವನಿಗೆ ಬಡ್ತಿ ಬೇಗ ಸಿಗುತ್ತದೆ. ಅವನ ಕೆಲಸ ಆ ಹೊತ್ತಿಗೆ ಉತ್ತಮಗೊಂಡದ್ದೇನೂ ದಾಖಲೆಯಲ್ಲಿ ಕಾಣಲಿಲ್ಲ. ಹೊಗೆಯ ಸುತ್ತ ನಿಂತಾಗ ಮುಂದಿನ ಪ್ರಾಜೆಕ್ಟ್ ಯಾರಿಗೆ, ಆನ್‌ಸೈಟ್ ಯಾರಿಗೆ ಎಂಬ ಮಾತು ನಡೆಯುತ್ತದೆ ಎಂದು ನಮ್ಮ ಕಚೇರಿಗಳಲ್ಲಿ ಎಲ್ಲರಿಗೂ ಗೊತ್ತು. ಆ ವೃತ್ತದಲ್ಲಿ ನಿಲ್ಲದ ಹೆಂಗಸರು, ಹೊಗೆಯ ವಾಸನೆ ಆಗದವರು, ಬಿಟ್ಟೇಬಿಡಬೇಕೆಂದು ಹೆಣಗುತ್ತಿರುವವರು ಎಲ್ಲರೂ ಅದರಿಂದ ಹೊರಗೆ. ಹೊಸದಾಗಿ ಕೆಲಸಕ್ಕೆ ಸೇರಿದ ಇಪ್ಪತ್ತೆರಡರ ಹುಡುಗ ಸೇದಲು ಕಲಿಯುವುದು ಎಷ್ಟೋ ಸಲ ತಂಡದೊಳಗೆ ಒಬ್ಬನಾಗಲಿಕ್ಕೆ. ಅವನಿಗೆ ಆಗ ಒತ್ತಡವೂ ಇರುವುದಿಲ್ಲ, ಚಟವೂ ಇರುವುದಿಲ್ಲ. ಆಮೇಲೆ ಎರಡೂ ಬರುತ್ತವೆ.

ಇಷ್ಟು ಹೇಳಿದ ಮೇಲೆ ವೇಪಿಂಗ್‌ನ, ಅಂದರೆ ಇ-ಸಿಗರೇಟು ಸೇದುವುದರ ಮಾತಿಗೆ ಬರಬೇಕು. ಈಗಿನ ಇ-ಸಿಗರೇಟು 2003ರಲ್ಲಿ ಹಾನ್ ಲಿಕ್ ಎಂಬ ಚೀನಾದ ಔಷಧಶಾಸ್ತ್ರಜ್ಞ ರೂಪಿಸಿದ್ದು. ಆತ ಸ್ವತಃ ಸೇದುತ್ತಿದ್ದವ, ತಂದೆ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಹತ್ತು ಹನ್ನೆರಡು ವರ್ಷದ ತರುವಾಯ ಸ್ಟ್ಯಾನ್‌ಫರ್ಡಿನಲ್ಲಿ ವಿನ್ಯಾಸ ಓದಿದ ಇಬ್ಬರು, ಜೇಮ್ಸ್ ಮನ್ಸೀಸ್ ಮತ್ತು ಆ್ಯಡಂ ಬೋವೆನ್, ಅದನ್ನು ಪೆನ್ ಡ್ರೈವಿನ ಆಕಾರಕ್ಕೆ ತಂದರು. 2015ರಲ್ಲಿ ಮಾರುಕಟ್ಟೆಗೆ ಬಂದ ಅವರ ಜೂಲ್ ಗಂಟಲಿಗೆ ಘಾಟು ತಾಗದಂತೆ ನಿಕೋಟಿನ್ನಿನ ಲವಣವನ್ನು ಬಳಸಿತು, ಯುಎಸ್‌ಬಿಯಲ್ಲಿ ಚಾರ್ಜ್ ಆಗುತ್ತಿತ್ತು, ಲ್ಯಾಪ್‌ಟಾಪಿನ ಪಕ್ಕದಲ್ಲಿ ಬಿದ್ದಿದ್ದರೆ ಯಾರಿಗೂ ಬೇರೆಯಾಗಿ ಕಾಣುತ್ತಿರಲಿಲ್ಲ. ತಂತ್ರಜ್ಞಾನ ಬಲ್ಲವರನ್ನು ಈ ಸಾಧನಗಳು ಸೆಳೆದದ್ದು ಸಹಜವೇ. ಒಳಗೆ ಬ್ಯಾಟರಿ, ಕಾಯಿಲ್, ಉಷ್ಣತೆ ಹಿಡಿದಿಡುವ ಚಿಪ್ಪು, ಬದಲಿಸಿಕೊಳ್ಳಬಹುದಾದ ಫರ್ಮ್‌ವೇರ್. ಒಮ್ಮೆ ಬಳಸಿ ಬಿಸಾಡುವ ವೇಪ್ ಒಂದರೊಳಗಿನ ಮೈಕ್ರೋಕಂಟ್ರೋಲರಿನಿಂದ 2025ರಲ್ಲಿ ಎಂಜಿನಿಯರರೊಬ್ಬರು ಪುಟ್ಟ ಜಾಲತಾಣವನ್ನೇ ನಡೆಸಿ ತೋರಿಸಿದರು. ಅಂಥ ಚಿಪ್ಪನ್ನೂ ಲಿಥಿಯಂ ಬ್ಯಾಟರಿಯನ್ನೂ ಕೆಲವೇ ದಿನಕ್ಕೆ ಕಸಕ್ಕೆ ಎಸೆಯುತ್ತೇವೆ ಎಂಬುದು ನನಗೆ ಸಂಕಟ ತರುತ್ತದೆ. ಬ್ರಿಟನ್ನು ಬಿಸಾಡುವ ವೇಪ್‌ಗಳ ಮಾರಾಟವನ್ನು 2025ರ ಜೂನ್ 1ರಿಂದ ನಿಲ್ಲಿಸಿದ್ದರ ಹಿಂದೆ ಈ ಕಸದ ಚಿಂತೆಯೂ ಇತ್ತು.

ಭಾರತದಲ್ಲಿ ಈ ಸರಕಿಗೆ ಕಾನೂನಿನ ಬಾಗಿಲು ಮುಚ್ಚಿದೆ. ಕರ್ನಾಟಕ 2016ರಲ್ಲೇ ನಿಷೇಧಿಸಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ ತಂದು, ಅದೇ ವರ್ಷದ ಕೊನೆಗೆ ಕಾಯಿದೆ ಮಾಡಿ ತಯಾರಿಕೆ, ಆಮದು, ಮಾರಾಟ, ಸಂಗ್ರಹ, ಜಾಹೀರಾತು ಎಲ್ಲವನ್ನೂ ತಡೆಯಿತು. ಮಾರಿ ಸಿಕ್ಕಿಬಿದ್ದವರಿಗೆ ಮೊದಲ ಸಲ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆದರೂ ಬೇಕೆಂದವರ ಕೈಗೆ ಅದು ಗುಟ್ಟಾಗಿ ತಲುಪುತ್ತಲೇ ಇದೆ. ಸಿಗರೇಟಿಗೆ ಹೋಲಿಸಿದರೆ ವೇಪ್ ಬಹಳ ಕಡಿಮೆ ಅಪಾಯದ್ದು, ಸಿಗರೇಟನ್ನು ಅಂಗಡಿಯಲ್ಲಿ ಮಾರಲು ಬಿಟ್ಟು ಇದನ್ನು ತಡೆದದ್ದು ನ್ಯಾಯವಲ್ಲ ಎಂಬುದು ಪ್ರೋಗ್ರಾಮರುಗಳಲ್ಲಿ ಬಲವಾಗಿರುವ ಅಭಿಪ್ರಾಯ. ಇದರ ಮೊದಲ ಅರ್ಧಕ್ಕೆ ಆಧಾರವಿದೆ. ತಂಬಾಕು ಉರಿದಾಗ ಬರುವ ಟಾರು, ಕಾರ್ಬನ್ ಮಾನಾಕ್ಸೈಡು ವೇಪ್‌ನಲ್ಲಿಲ್ಲ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ, ಇದರ ದೀರ್ಘಕಾಲದ ಹಾನಿ ಸಿಗರೇಟಿನ ಹಾನಿಯ ಶೇ. 5ನ್ನು ಮೀರುವ ಸಂಭವ ಕಡಿಮೆ ಎಂದು ಅಂದಾಜು ಮಾಡಿತು. 2019ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪೀಟರ್ ಹಾಯೆಕ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಇ-ಸಿಗರೇಟು ಪಡೆದವರ ಪೈಕಿ ಶೇ. 18 ಮಂದಿ ವರ್ಷದ ಕೊನೆಗೆ ಸಿಗರೇಟು ಬಿಟ್ಟಿದ್ದರು. ನಿಕೋಟಿನ್ ಗಮ್, ಪಟ್ಟಿಗಳಂಥವನ್ನು ಪಡೆದವರಲ್ಲಿ ಈ ಪ್ರಮಾಣ ಶೇ. 9.9. ಅಂದರೆ ಹೆಚ್ಚುಕಡಿಮೆ ಎರಡು ಪಟ್ಟು. ಇಪ್ಪತ್ತು ವರ್ಷದಿಂದ ಸೇದುತ್ತ ಬೇರೆಲ್ಲ ದಾರಿಯಲ್ಲೂ ಸೋತವರಿಗೆ ಈ ಅಂಕಿ ಒಂದು ಆಸೆಯ ಎಳೆ, ಅದನ್ನು ನಾನು ಹಗುರವಾಗಿ ಕಾಣಲಾರೆ.

ಆದರೆ ಅದೇ ಪ್ರಯೋಗದ ಇನ್ನೊಂದು ಅಂಕಿಯನ್ನೂ ಓದಬೇಕು. ಸಿಗರೇಟು ಬಿಡುವಲ್ಲಿ ಗೆದ್ದವರ ಪೈಕಿ ವರ್ಷದ ಕೊನೆಗೆ ಶೇ. 80 ಮಂದಿ ಇ-ಸಿಗರೇಟನ್ನು ಬಳಸುತ್ತಲೇ ಇದ್ದರು. ಇನ್ನೊಂದು ಗುಂಪಿನಲ್ಲಿ ಗೆದ್ದವರ ಪೈಕಿ ಗಮ್, ಪಟ್ಟಿಗಳನ್ನು ಮುಂದುವರಿಸಿದ್ದವರು ಶೇ. 9 ಮಾತ್ರ. ಇದು ಯಾಕೆ ಹೀಗೆ ಎಂದು ಪ್ರೋಗ್ರಾಮರಿನ ಭಾಷೆಯಲ್ಲೇ ಹೇಳಬಹುದು. ಸಿಗರೇಟಿಗೆ ಒಂದು ಮುಕ್ತಾಯವಿದೆ. ಫಿಲ್ಟರಿನವರೆಗೆ ಉರಿಯಿತು, ಮುಗಿಯಿತು, ಇನ್ನೊಂದು ಬೇಕಾದರೆ ಮತ್ತೆ ಹಚ್ಚಬೇಕು. ವೇಪ್ ಎಂಬುದು ನಿಲ್ಲುವ ಷರತ್ತನ್ನೇ ಬರೆಯದ ಲೂಪ್. ಒಂದು ಎಳೆತ, ಇನ್ನೊಂದು ಎಳೆತ, ಕೋಡ್ ಕಂಪೈಲ್ ಆಗುವಾಗ ಒಂದು, ಎರರ್ ಬಂದಾಗ ಎರಡು. ವಾಸನೆ ನಿಲ್ಲದ್ದರಿಂದ ಟಾಯ್ಲೆಟ್ಟಿನಲ್ಲಿ, ಮೆಟ್ಟಿಲ ಮರೆಯಲ್ಲಿ, ಮನೆಯಿಂದ ಕೆಲಸ ಮಾಡುವವರಿಗೆ ಕೀಬೋರ್ಡಿನ ಪಕ್ಕದಲ್ಲೇ ಸಾಧ್ಯ. ಇಲ್ಲೇ ನನ್ನ ವಾದದ ಗಂಟು ಇರುವುದು. ಸಿಗರೇಟಿನ ಹದಿನೈದು ನಿಮಿಷದಲ್ಲಿ ಒಳ್ಳೆಯದೆಂದು ಏನಿತ್ತೋ, ಆ ಏಳುವುದು, ನಡೆಯುವುದು, ಬಯಲು, ಬೆಳಕು, ಮಾತು, ಅದೆಲ್ಲವನ್ನೂ ವೇಪ್ ತೆಗೆದುಹಾಕಿತು. ಕಟ್ಟಿಹಾಕುವ ನಿಕೋಟಿನ್ ಒಂದನ್ನು ಮಾತ್ರ ಉಳಿಸಿಕೊಂಡಿತು. ಉರಿಯುವ ಹೊಗೆ ಹೋಯಿತು ಎಂಬುದು ಶ್ವಾಸಕೋಶಕ್ಕೆ ದೊಡ್ಡ ಲಾಭವೇ. ಆದರೆ ಬಿಡುವಿಗಾಗಿ ಸೇದುತ್ತೇನೆ ಎನ್ನುತ್ತಿದ್ದವರು ವೇಪ್‌ಗೆ ಬಂದಾಗ ಬಿಡುವನ್ನೇ ಕಳೆದುಕೊಂಡಿರುತ್ತಾರೆ. ಎಂದೂ ಸೇದದ ಹುಡುಗ ಹುಡುಗಿಯರು ನೇರವಾಗಿ ವೇಪ್ ಹಿಡಿದಾಗಲಂತೂ ಅವರಿಗೆ ತಗ್ಗಿಸಿಕೊಳ್ಳಲು ಹಳೆಯ ಹಾನಿಯೇ ಇರುವುದಿಲ್ಲ, ಸಿಗುವುದು ಹೊಸ ಬಂಧನ ಒಂದೇ.

ಈಗ ಸಿಡುಕಿನ ಮೂಲಕ್ಕೇ ಹೋಗೋಣ. ಸಾಫ್ಟ್‌ವೇರ್ ಕೆಲಸವೆಂದರೆ ತಪ್ಪು ಹುಡುಕುವುದೇ, ಸಿಡುಕು ಅದರ ಜೊತೆಗೇ ಬಂದದ್ದು, ಹೊಂದಿಕೊಳ್ಳಬೇಕು ಎಂದು ಕೆಲವರು ಹೇಳುತ್ತಾರೆ. ಕೇಂಬ್ರಿಡ್ಜಿನ ಮಾರಿಸ್ ವಿಲ್ಕ್ಸ್ 1949ರ ಸುಮಾರಿಗೆ ಎಡ್ಸ್ಯಾಕ್ ಎಂಬ ಆರಂಭಕಾಲದ ಕಂಪ್ಯೂಟರಿನ ಕೋಣೆಗೂ ಟೇಪು ತೂತಿಡುವ ಕೋಣೆಗೂ ನಡುವೆ ಮೆಟ್ಟಿಲಲ್ಲಿ ಓಡಾಡುತ್ತಿದ್ದಾಗ, ಇನ್ನು ಬಾಳಿನ ದೊಡ್ಡ ಪಾಲು ತನ್ನದೇ ಪ್ರೋಗ್ರಾಮುಗಳ ತಪ್ಪು ಹುಡುಕುವುದರಲ್ಲಿ ಕಳೆಯಲಿದೆ ಎಂಬ ಅರಿವು ಬಂತೆಂದು ನೆನೆದಿದ್ದಾರೆ. (ಆ ಅರಿವೂ ಮೆಟ್ಟಿಲ ಮೇಲೆ ನಡೆಯುವಾಗ ಬಂತು ಎಂಬುದನ್ನು ಗಮನಿಸಬೇಕು.) ಆದರೆ ಎಲ್ಲ ಸಿಡುಕೂ ಒಂದೇ ಜಾತಿಯದಲ್ಲ. ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1986ರಲ್ಲಿ ಸಾಫ್ಟ್‌ವೇರಿನ ತೊಡಕುಗಳನ್ನು ಎರಡಾಗಿ ವಿಂಗಡಿಸಿದರು. ಸಮಸ್ಯೆಯ ಸ್ವಭಾವದಲ್ಲೇ ಇರುವ ತೊಡಕು ಒಂದು, ನಾವು ಬಳಸುವ ಸಲಕರಣೆ ಮತ್ತು ವಿಧಾನಗಳಿಂದ ಬಂದು ಸೇರಿದ ತೊಡಕು ಇನ್ನೊಂದು. ಮೊದಲನೆಯದರ ಜೊತೆಗಿನ ಹೆಣಗಾಟದಲ್ಲಿ ಒಂದು ತೃಪ್ತಿಯಿದೆ, ಜನ ಈ ವೃತ್ತಿಗೆ ಬರುವುದೇ ಅದಕ್ಕಾಗಿ. ಮನುಷ್ಯರನ್ನು ಹಣ್ಣುಮಾಡುವುದು ಎರಡನೆಯದು. ಗೂಗಲ್ 2016ರಲ್ಲಿ ತನ್ನ ಟೆಸ್ಟ್‌ಗಳ ಲೆಕ್ಕ ಹೇಳಿದಾಗ, ಅವುಗಳಲ್ಲಿ ಶೇ. 16ರಷ್ಟರಲ್ಲಿ ಕೋಡ್ ಬದಲಾಗದಿದ್ದರೂ ಒಮ್ಮೆ ಪಾಸು ಒಮ್ಮೆ ಫೇಲು ಆಗುವ ಚಂಚಲತೆ ಇತ್ತು. ಪಾಸಾಗುತ್ತಿದ್ದ ಟೆಸ್ಟ್ ಫೇಲಾದ ಪ್ರಸಂಗಗಳಲ್ಲಿ ಶೇ. 84ರಷ್ಟಕ್ಕೆ ಇಂಥ ಚಂಚಲ ಟೆಸ್ಟ್‌ಗಳ ನಂಟಿತ್ತು. ಅಷ್ಟು ದೊಡ್ಡ ಸಂಸ್ಥೆಯಲ್ಲೇ ಈ ಸ್ಥಿತಿಯಾದರೆ, ಮಾಡದ ತಪ್ಪನ್ನು ಹುಡುಕುತ್ತ ಕೂತವರ ಗಂಟೆಗಳನ್ನು ಉಳಿದೆಡೆ ಎಣಿಸುವವರಾರು?

ಸಾಮಾನ್ಯ ಬಳಕೆದಾರರ ಪಾಡೂ ಇದೇ. ಬೆನ್ ಶ್ನೈಡರ್‌ಮನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಜನ ಕಂಪ್ಯೂಟರಿನ ಮುಂದೆ ಕಳೆಯುವ ಹೊತ್ತಿನಲ್ಲಿ ಮೂರನೇ ಒಂದರಿಂದ ಅರ್ಧದವರೆಗೆ ಇಂಥ ಕಿರಿಕಿರಿಗಳಿಗೇ ಹೋಗುತ್ತಿತ್ತು. ಡೆನ್ಮಾರ್ಕಿನ ಹರ್ಟ್ಸಮ್ ಮತ್ತು ಹಾರ್ನ್‌ಬೆಕ್ ಅದನ್ನೇ ಮತ್ತೆ ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದಾಗ ಅದು ಶೇ. 11ರಿಂದ 20ರ ನಡುವೆ ಇತ್ತು. ಸುಧಾರಣೆ ಆಗಿದೆ, ಅಂದರೆ ಸುಧಾರಣೆ ಸಾಧ್ಯ. ಕೆಲವು ಕಿರಿಕಿರಿಗಳಂತೂ ಪ್ರಯೋಜನವಿಲ್ಲವೆಂದು ಗೊತ್ತಾದ ಮೇಲೂ ಉಳಿದಿವೆ. ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಲೇಬೇಕೆಂದು ಒತ್ತಾಯಿಸಬೇಡಿ ಎಂದು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಹೇಳಿತು. ನಮ್ಮಲ್ಲಿ ಎಷ್ಟೋ ಕಚೇರಿಗಳಲ್ಲಿ ಇಂದಿಗೂ ಸೋಮವಾರ ಬೆಳಿಗ್ಗೆ ಪಾಸ್‌ವರ್ಡ್ ಅವಧಿ ಮುಗಿದಿದೆ ಎಂಬ ಪೆಟ್ಟಿಗೆ ತೆರೆದುಕೊಳ್ಳುತ್ತದೆ, ಹೊಸದನ್ನು ಹೊಂದಿಸಲು ಓಟಿಪಿ ಬರಬೇಕು, ಓಟಿಪಿ ಬರದಿದ್ದರೆ ಐಟಿ ಹೆಲ್ಪ್‌ಡೆಸ್ಕಿಗೆ ಟಿಕೆಟ್ ಹಾಕಬೇಕು, ಟಿಕೆಟ್ ಹಾಕಲು ಲಾಗಿನ್ ಆಗಿರಬೇಕು. ಇಂಥ ಬೆಳಗಿನಲ್ಲಿ ಒಬ್ಬ ಎದ್ದು ಟೀ ಅಂಗಡಿಗೆ ಹೋಗಿ ಸಿಗರೇಟು ಹಚ್ಚುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ವ್ಯವಸ್ಥೆಯ ರೋಗಕ್ಕೆ ಅವನ ಶ್ವಾಸಕೋಶ ಬರೆ ಹಾಕಿಸಿಕೊಳ್ಳುತ್ತದೆ. ಕಂಪನಿಗಳು ಸ್ವಾಸ್ಥ್ಯ ಸಪ್ತಾಹ ಮಾಡಿ ಧೂಮಪಾನ ಬಿಡಿ ಎಂದು ಪೋಸ್ಟರ್ ಅಂಟಿಸುವುದು ಒಳ್ಳೆಯದೇ. ನಲವತ್ತು ನಿಮಿಷ ಹಿಡಿಯುವ ಬಿಲ್ಡನ್ನು ಹತ್ತಕ್ಕೆ ಇಳಿಸಲು, ಚಂಚಲ ಟೆಸ್ಟ್‌ಗಳನ್ನು ಸರಿಪಡಿಸಲು ಇಬ್ಬರಿಗೆ ಒಂದು ತಿಂಗಳು ಬಿಟ್ಟುಕೊಟ್ಟರೆ ಅದೂ ಆರೋಗ್ಯದ ಕೆಲಸವೇ ಎಂದು ಅವು ಎಣಿಸಬೇಕು ಎಂಬುದು ನನ್ನ ಆಗ್ರಹ.

ಚಟ ಚಟವೇ, ಬಿಡುವು ಕೊಟ್ಟ ಮಾತ್ರಕ್ಕೆ, ಬಿಲ್ಡ್ ಬೇಗ ಮುಗಿದ ಮಾತ್ರಕ್ಕೆ ಯಾರೂ ಬಿಡುವುದಿಲ್ಲ ಎಂಬುದು ಕೊನೆಯ ಆಕ್ಷೇಪ. ಇದು ಸರಿಯಾದ ಮಾತು. ನಿಕೋಟಿನ್ನಿಗೆ ಚಿಕಿತ್ಸೆ ಬೇಕು, ಆಸರೆ ಬೇಕು. ಸಿಗರೇಟು ಪ್ಯಾಕಿನ ಮೇಲೆ ಅಚ್ಚಾಗಿರುವ 1800-11-2356 ಎಂಬ ಉಚಿತ ಸಹಾಯವಾಣಿಯ ಒಂದು ಕೇಂದ್ರ ನಮ್ಮ ನಿಮ್ಹಾನ್ಸ್‌ನಲ್ಲೇ ಇದೆ, ಕನ್ನಡದಲ್ಲಿ ಮಾತಾಡಬಹುದು. ಈ ವೃತ್ತಿಯಲ್ಲಿರುವವರು ಹೆಚ್ಚಾಗಿ ಎಳೆಯರು ಎಂಬುದರಿಂದ ಇದು ಇನ್ನಷ್ಟು ಮುಖ್ಯ. ಬ್ರಿಟಿಷ್ ವೈದ್ಯರನ್ನೇ 1951ರಿಂದ ಐವತ್ತು ವರ್ಷ ಹಿಂಬಾಲಿಸಿದ ರಿಚರ್ಡ್ ಡಾಲ್ ಮತ್ತು ಸಂಗಡಿಗರು 2004ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: ಸೇದುತ್ತಲೇ ಹೋದವರು ಸರಾಸರಿ ಹತ್ತು ವರ್ಷ ಕಳೆದುಕೊಳ್ಳುತ್ತಾರೆ. ಮೂವತ್ತರ ವಯಸ್ಸಿಗೆ ಬಿಟ್ಟವರು ಹೆಚ್ಚುಕಡಿಮೆ ಆ ಹತ್ತನ್ನೂ ಉಳಿಸಿಕೊಳ್ಳುತ್ತಾರೆ, ನಲವತ್ತಕ್ಕೆ ಬಿಟ್ಟವರು ಒಂಬತ್ತನ್ನು. ದಿನಕ್ಕೆ ಒಂದೇ, ಟೀ ಜೊತೆ ಮಾತ್ರ ಎನ್ನುವವರಿಗೂ ಒಂದು ಲೆಕ್ಕವಿದೆ. ದಿನಕ್ಕೆ ಒಂದೇ ಸೇದಿದರೂ ಹೃದ್ರೋಗದ ಹೆಚ್ಚುವರಿ ಅಪಾಯ ಇಪ್ಪತ್ತು ಸೇದುವವರ ಅಪಾಯದ ಸುಮಾರು ಅರ್ಧದಷ್ಟು ಇರುತ್ತದೆ ಎಂದು 2018ರಲ್ಲಿ ಹ್ಯಾಕ್‌ಶಾ ಮತ್ತು ಸಂಗಡಿಗರು ತೋರಿಸಿದರು. ಆದರೆ ಬಿಡಲು ಹೊರಟವರು ಎಡವುವುದು ಎಲ್ಲಿ ಎಂದು ನೋಡಿದರೆ ನನ್ನ ವಾದ ಮತ್ತೆ ಎದುರಾಗುತ್ತದೆ. ಬಿಟ್ಟ ಮೊದಲ ವಾರಗಳಲ್ಲಿ ಅವರು ನಿಕೋಟಿನ್ನನ್ನು ಮಾತ್ರ ಬಿಟ್ಟಿರುವುದಿಲ್ಲ, ಟೀ ಅಂಗಡಿಗೆ ಹೋದರೆ ಕೈ ಜಾರೀತೆಂದು ಹನ್ನೊಂದರ ಬಿಡುವನ್ನೂ ಗೆಳೆಯರನ್ನೂ ಬಿಟ್ಟಿರುತ್ತಾರೆ. ಸಿಗರೇಟಿಗಿಂತ ಈ ಎರಡನ್ನು ಕಳೆದುಕೊಂಡದ್ದೇ ಎಷ್ಟೋ ಸಲ ಅವರನ್ನು ಹಿಂದಕ್ಕೆ ಎಳೆಯುತ್ತದೆ ಎಂದು ನನಗನ್ನಿಸುತ್ತದೆ.

ಅಂಥವರಿಗೆ ತಂಡ ಮಾಡಬಹುದಾದ ಒಂದು ಉಪಕಾರ ತೀರ ಚಿಕ್ಕದು. ಸೇದಬೇಕೆಂಬ ತುಡಿತ ಒಮ್ಮೆ ಏರಿದರೆ ಸಾಮಾನ್ಯವಾಗಿ ಕೆಲವೇ ನಿಮಿಷ ನಿಂತು ಇಳಿದುಹೋಗುತ್ತದೆ. ಚುರುಕಾಗಿ ಐದು ನಿಮಿಷ ನಡೆದರೂ ಆ ತುಡಿತದ ಬಿಸಿ ಆರುತ್ತದೆ ಎಂದು ಏಡ್ರಿಯನ್ ಟೇಲರ್ ಮತ್ತು ಸಂಗಡಿಗರು ಹಲವು ಪ್ರಯೋಗಗಳನ್ನು ಪರಿಶೀಲಿಸಿ 2007ರಲ್ಲಿ ಬರೆದರು. ಹನ್ನೊಂದಕ್ಕೆ ಒಬ್ಬರು ಎದ್ದು, ಬಿಲ್ಡ್ ಓಡಲು ಬಿಟ್ಟು, ಪಕ್ಕದವರನ್ನು ಬನ್ನಿ ಒಂದು ಸುತ್ತು ಹಾಕಿ ಬರೋಣ ಎಂದು ಕರೆದರೆ, ಟೆಕ್ ಪಾರ್ಕಿನ ಕಾಂಪೌಂಡನ್ನು ಬಳಸಿ ಬರುವಷ್ಟರಲ್ಲಿ ಆ ಕೆಲವು ನಿಮಿಷ ಕಳೆದಿರುತ್ತವೆ. ಬಗ್ ಏನೆಂದು ಹೇಳಿಕೊಳ್ಳುವುದಕ್ಕೂ ಅಷ್ಟು ದೂರ ಸಾಕು.